ಹಸಿ ಸೊಪ್ಪಿನ ಗುಡ್ಲು

“ಎದ್ದೇಳೇ ಮ್ಯಾಕ್ಕೆ, ದರಿದ್ರ ಮುಂಡೇದೆ. ನಿಂಗೆ ನನ್ ಅರಿಸಿನದ ರಾಸಿ ಮಗ್ಗುಲಲ್ಲೇ ಮೈನೆರೀಬೇಕಾಗಿತ್ತಾ?”

ಶಂಕರಮ್ಮನ ಗಂಟಲು ಅಂತಿಂಥದ್ದಲ್ಲ. ಶಾಗ್ಯ ಊರಿನಾಚೆಯ ತನ್ನ ಕಣದಲ್ಲಿ ನಿಂತು ಆಕೆ ಕೆಮ್ಮಿದರೆ, ಗುಡುಗಿತೆಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಸೆಯವರು ಕೊಡೆ ಬಿಚ್ಚುತ್ತಾರೆ. ಆ ಗಂಟಲು ಇವತ್ತು ಪೂರ್ತಿ ತೆರೆದಿತ್ತು. ಬೇಯಿಸಿದ ಅರಿಶಿನ ಹರವುತ್ತಿದ್ದ ಆಳುಗಳೆಲ್ಲ ಕೈ ನಿಲ್ಲಿಸಿ ರತ್ನಳ ಲಂಗ ನೋಡಿದರು. ರತ್ನಳಿಗೆ ವಯಸ್ಸು ಹದಿಮೂರು, ನಾಲಿಗೆಗೆ ಮುನ್ನೂರು. ನಾಗರಹಾವಿಗೆ ಬೈದು ಅದಕ್ಕೆ ಬುಸುಗುಡುವುದನ್ನೇ ಮರೆಸಿದವಳೆಂದು ಕಾಲೋನಿಯಲ್ಲಿ ಹೆಸರಿತ್ತು. ಆ ನಾಲಿಗೆ ಇವತ್ತು ಹಲ್ಲಿನ ಹಿಂದೆ ಅಡಗಿ ಕೂತಿತು.

“ಚಿಕ್ಕನಿಂಗಿ, ನಿನ್ ಮಗ್ಳನ್ನ ಕರ್ಕಂಡು ತೊಲಗು. ಇವತ್ನ ಕೂಲಿ ಇಲ್ಲ ನಿಂಗೆ. ಈ ರಾಸಿ ತೊಳೆಯೋರ್ಗೆ ಕೊಡ್ಬೇಕು ಅದ್ನ.”

ಜಗಲಿಯ ಮೇಲೆ ಕೂತಿದ್ದ ಗುರುಪಾದಸ್ವಾಮಿ ಹೆಂಡತಿಯಂತೆ ಕೂಗಲಿಲ್ಲ. ವಿಭೂತಿಯ ಹಣೆ ಅರಳಿಸಿ ನಕ್ಕ.

“ಯಾಕೆ ಬಯ್ತೀಯೆ? ದೊಡ್ಡೋಳಾಗವ್ಳೆ, ಒಳ್ಳೇದಲ್ವಾ. ಜಡೇಸ್ವಾಮಿಗೊಂದು ಮಾತು ತಿಳಿಸ್ತೀನಿ ಬುಡು.”

ಜಡೇಸ್ವಾಮಿಯ ಹೆಸರು ಕೇಳಿದ್ದೇ ರತ್ನ ಅವ್ವನ ಕೈ ಹಿಡಿದೆಳೆದು ಕಣ ದಾಟಿದಳು.

ಕಾಲೋನಿಯಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ಹಸಿ ಸೊಪ್ಪು ತಂದು ಮನೆ ಮುಂದೆ ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಕೂರಬೇಕು. ದಿನ ತುಂಬಿದ ಮೇಲೆ ಮೈಗೆ ನೀರು ಹಾಕಿ ಗುಡ್ಲು ಸುಡಬೇಕು. ಇದು ಅಜ್ಜಿಯರ ಕಾಲದ ಶಾಸ್ತ್ರ. ಅದರ ಬಾಲಕ್ಕೆ ಜಡೇಸ್ವಾಮಿ ಇನ್ನೊಂದು ಶಾಸ್ತ್ರ ಕಟ್ಟಿದ್ದ: ಎಲ್ಲಿ ಹಸಿ ಸೊಪ್ಪು ಕಂಡಿತೋ ಅಲ್ಲಿಗೆ ಅವನ ಬಿಳಿ ವ್ಯಾನು ಬರುತ್ತಿತ್ತು. ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಜೇನುತುಪ್ಪದ ಮಾತು. ಕೈಯಲ್ಲಿ ಒಂದು ಡಬ್ಬಿ ಎಳ್ಳಿನ ಚಿಗಳಿ. ಗಡಿಯಾಚೆ ನೂಲಿನ ಮಿಲ್ಲು, ಮೂರು ವರ್ಷ ಕೆಲಸ, ಊಟ ವಸತಿ, ಮುಗಿದ ಮೇಲೆ ಮದುವೆಗೆ ಇಡಿಗಂಟು. ಗುರುಪಾದಸ್ವಾಮಿಯೇ ಹೊಣೆ ಎಂದ ಮೇಲೆ ಎದುರಾಡುವವರಾರು? ಕಾಲೋನಿಯ ಕುಡಿಯುವ ನೀರು ಬರುತ್ತಿದ್ದುದೇ ಅವನ ಬೋರ್‌ವೆಲ್ಲಿನಿಂದ.

ಹೋದ ವರ್ಷ ರತ್ನಳ ಅಕ್ಕ ಸೌಮ್ಯ ಆ ವ್ಯಾನು ಹತ್ತಿದ್ದಳು. ಹತ್ತುವ ಮುಂಚೆ ಅವಳ ಆಧಾರ್ ಕಾರ್ಡನ್ನು ಜಡೇಸ್ವಾಮಿ ತಿದ್ದುಪಡಿಗೆಂದು ಒಯ್ದು ಎಂಟು ದಿನಕ್ಕೆ ತಂದುಕೊಟ್ಟ. ಆ ಎಂಟು ದಿನದಲ್ಲಿ ಸೌಮ್ಯ ಐದು ವರ್ಷ ಬೆಳೆದಿದ್ದಳು. ಅಷ್ಟು ಬೇಗ ಬೆಳೆಯುವುದು ಕುಂಬಳದ ಬಳ್ಳಿಯಿಂದಲೂ ಆಗದು. ಸೌಮ್ಯಳ ಆಟ, ಜಗಳ, ಕುಂಟಮೇಕೆ ಎಲ್ಲ ರತ್ನಳ ಪಾಲಿಗೆ ಬಂದವು. ಆ ಮೇಕೆ ಕಂಡಕಂಡವರನ್ನು ಹಾಯುತ್ತಿದ್ದುದರಿಂದ ಅಕ್ಕತಂಗಿಯರು ಗುಟ್ಟಾಗಿ ಅದಕ್ಕೆ ಶಂಕರಮ್ಮ ಎಂದು ಹೆಸರಿಟ್ಟಿದ್ದರು.

ಆಮೇಲೆ ಗೌರಿ ಹಬ್ಬಕ್ಕೊಂದು, ದೀಪಾವಳಿಗೊಂದು ಫೋನು. ಅದೂ ಜಡೇಸ್ವಾಮಿಯ ಮೊಬೈಲಿನಲ್ಲಿ. “ಚೆನ್ನಾಗಿವ್ನಿ ಕಣವ್ವ” ಅಂದರೆ ಮುಗಿಯಿತು. ದನಿ ಬೇರೆಯಾಗಿತ್ತು. “ಹತ್ತಿ ಧೂಳು ಕಣಮ್ಮ, ಗಂಟ್ಲು ವಸಿ ಕಟ್ಕಂಡದೆ” ಎಂದಿದ್ದ ಅವನು. ತಾಯಿ ಚಿಕ್ಕನಿಂಗಮ್ಮ ಆ ನಾಲ್ಕು ಮಾತಿಗೆ ಕಬಿನಿ ಕಾಲುವೆಯಷ್ಟು ಅತ್ತಿದ್ದಳು.

ಸಂಕ್ರಾಂತಿಗೆ ಫೋನು ಬರಲಿಲ್ಲ. ರತ್ನ ಅಪ್ಪ ಮುತ್ತಯ್ಯನನ್ನು ಎಳೆದುಕೊಂಡು ದೂರು ಕೊಡಲು ಹನೂರಿನ ಕಚೇರಿಯೊಂದಕ್ಕೆ ಹೋದಳು. ಬೆಳಿಗ್ಗೆಯಿಂದ ನಿಂತು ನಿಂತು ಮುತ್ತಯ್ಯನ ಕಾಲಿಗೆ ಬೇರು ಬಿಟ್ಟು ಚಿಗುರೊಡೆಯುವುದೊಂದು ಬಾಕಿ. ಮಧ್ಯಾಹ್ನದ ಮೇಲೆ ಸಾಹೇಬರು ಕಣ್ಣೆತ್ತಿದರು.

“ಏನಯ್ಯ ನಿಂದು?”

“ಸಾ, ನಮ್ ಉಡ್ಗಿಗೆ ಅದ್ನಾಲ್ಕು ಸಾ. ಇಸ್ಕೂಲಲ್ಲಿ ಕೇಳಿ ಸಾ.”

“ಕಾರ್ಡಲ್ಲಿ ಹತ್ತೊಂಬತ್ತು ಅದೆ. ನಾನು ನಿನ್ನ ನಂಬ್ಲಾ, ಸರ್ಕಾರನ ನಂಬ್ಲಾ? ಮೇಜರ್ ಹುಡುಗಿ, ಇಷ್ಟಪಟ್ಟು ಹೋಗವ್ಳೆ. ಹೋಗೋವಾಗ ಚಿಗಳಿ ತಿಂದು ಕಳಿಸ್ತೀರಿ, ಆಮೇಲೆ ಇಲ್ಲಿ ಬಂದು ಮೂಗು ಸುರಿಸ್ತೀರಿ.”

“ನಮ್ಮಪ್ಪ ಚಿಗಳಿ ತಿನ್ನಕಿಲ್ಲ ಸಾ. ಹಲ್ಲಿಲ್ಲ” ಎಂದಳು ರತ್ನ.

“ಈ ಬೋಸುಡಿಗೆ ಬಾಯಿ ಬೇರೆ” ಎಂದು ಸಾಹೇಬರು ಹೊರಗೆ ಕೈ ತೋರಿಸಿದರು.

ಇದೆಲ್ಲ ಆಗಿ ತಿಂಗಳಾಗಿರಲಿಲ್ಲ. ಈಗ ಶಂಕರಮ್ಮನ ಗಂಟಲು ಊರಿಗೆಲ್ಲ ರತ್ನಳನ್ನು ದೊಡ್ಡವಳು ಮಾಡಿಬಿಟ್ಟಿತು.

“ಗುಡ್ಲು ಬ್ಯಾಡ ಕಣವ್ವ. ಸೊಪ್ಪು ತರ್ಬ್ಯಾಡ ಅನ್ನವ್ವ ಮಾವಂಗೆ.”

“ಗುಡ್ಲಾಕ್ದೆ ಓದ್ರೆ ನಾಳೆ ನಿನ್ನ ಯಾರಮ್ಮಿ ಕಟ್ಕತರೆ?” ಎಂದ ಚಿಕ್ಕನಿಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಸೋದರಮಾವ ಮಾದೇಶ ಟಿವಿಎಸ್ ಮೇಲೆ ಒಂದು ಕಾಡನ್ನೇ ಹೇರಿಕೊಂಡು ಬಂದ. ಅತ್ತಿ, ಹೊಂಗೆ, ಮಾವು. ಗಾಡಿ ಕಾಣದೆ ಸೊಪ್ಪೇ ಉರುಳಿಕೊಂಡು ಬರುವಂತಿತ್ತು. ಬೆಳಿಗ್ಗೆಯೇ ಎರಡು ಪಾಕೆಟ್ ಏರಿಸಿದ್ದ.

“ಕೊಳ್ಳೇಗಾಲದಿಂದ ಬೆಟ್ಟದ ತಂಕ ಇಂತಾ ಗುಡ್ಲು ಯಾವನಾದ್ರೂ ಆಕಿದ್ರೆ ನನ್ ಮೀಸೆ ಬೋಳಿಸ್ಲಾ” ಎಂದ.

“ಮಾವ, ಸೌಮ್ಯಕ್ಕಂಗೂ ಇಂಗೇ ಆಕಿದ್ದೆ.”

ಮಾದೇಶ ಏನೂ ಕೇಳದವನಂತೆ ಗೂಟ ಬಡಿದ. ಕುಡಿದ ಕೈಯ ಗೂಟ. ಮಣ್ಣಿಗಿಳಿದದ್ದು ಅರ್ಧ ಗೇಣು.

ಅಂದು ಸಂಜೆಯೇ ಜಡೇಸ್ವಾಮಿ ಚಿಗಳಿ ಡಬ್ಬಿಯೊಂದಿಗೆ ಬಂದ. ಸೊಪ್ಪು ಸರಿಸಿ ಇಣುಕಿದ.

“ಎತ್ತರ ಅವಳೆ. ಮಿಷಿನ್ನು ಸಿಕ್ಕತ್ತೆ ಕೈಗೆ. ಕಾರ್ಡ್ ಕೊಡಿ ಮುತ್ತಯ್ಯ, ತಿದ್ದಿಸ್ಕಂಡು ಬತ್ತೀನಿ. ಈ ಸಲ ತಡ ಮಾಡಂಗಿಲ್ಲ, ನೀರಾಕಿದ್ ಮಾರ್ನೇ ದಿನ ವ್ಯಾನು.”

ಮುತ್ತಯ್ಯ ಗೋಡೆ ನೋಡಿದ. ಕಾರ್ಡು ಗೋಡೆಯ ಗೂಡಿನಲ್ಲಿತ್ತು. ಜಡೇಸ್ವಾಮಿ ತಾನೇ ಕೈ ಹಾಕಿ ತೆಗೆದುಕೊಂಡ.

ಮೂರನೆಯ ದಿನ ಬೆಳಕು ಹರಿಯುವಾಗ ಕಾಲೋನಿಯವರು ಹಿಂದೆಂದೂ ಕಾಣದ್ದನ್ನು ಕಂಡರು. ಗುಡ್ಲು ನಡೆದುಹೋಗುತ್ತಿತ್ತು. ರತ್ನಳ ಜೊತೆಯ ನಾಲ್ವರು ಹುಡುಗಿಯರು ಮೂಲೆಗೊಬ್ಬರಂತೆ ಗೂಟ ಕಿತ್ತು ಹೊತ್ತಿದ್ದರು. ರತ್ನ ಒಳಗೇ ಹೆಜ್ಜೆ ಹಾಕುತ್ತಿದ್ದಳು. ಹತ್ತು ಕಾಲಿನ ಹಸಿರು ಪ್ರಾಣಿ. ಮಾದಪ್ಪನ ಹುಲಿವಾಹನವೂ ಅಷ್ಟು ಗತ್ತಿನಿಂದ ಹೋಗಿರಲಾರದು. “ಉಘೇ ಮಾದಪ್ಪ” ಎಂದಳೊಬ್ಬಳು. ಉಳಿದವರು ಕಿಸಕ್ಕೆಂದು ನಕ್ಕು ಉಘೇ ಎಂದರು. ನಾಯಿಗಳು ಬೊಗಳುವುದು ಬಿಟ್ಟು ದಾರಿ ಕೊಟ್ಟವು.

ಗುಡ್ಲು ಹೋಗಿ ಗುರುಪಾದಸ್ವಾಮಿಯ ಗೇಟಿಗೆ ಅಡ್ಡ ಕೂತಿತು.

ಹಾಲಿನ ಕ್ಯಾನು ಹೊರಗೆ ಬರಲಿಲ್ಲ. ಟ್ರ್ಯಾಕ್ಟರ್ ಬರಲಿಲ್ಲ. ಗೇಟಿನೊಳಗೆ ಮನೆಮಂದಿಯೆಲ್ಲ ನಿಂತಿತ್ತು, ಮುಟ್ಟುವವರಿಲ್ಲ. ಜಾತಿಯದೊಂದು ಮೈಲಿಗೆ, ಮುಟ್ಟಿನದೊಂದು ಮೈಲಿಗೆ. ಯಾವ ನೀರಿಗೂ ಹೋಗದ ಜೋಡಿ ಮೈಲಿಗೆ. ರಸ್ತೆಯಾಚೆ ಕಾಲೋನಿ ಬಂದು ನಿಂತಿತು.

“ನಮ್ಮಕ್ಕನ ದನಿ ಕೇಳ್ಸಿ ಬುದ್ಧಿ. ಎದ್ದೋಯ್ತೀನಿ” ಎಂದಿತು ಗುಡ್ಲು.

ಗುರುಪಾದಸ್ವಾಮಿ ಕರೆಸಿದ ಜಡೇಸ್ವಾಮಿ ವ್ಯಾನಿನಿಂದ ನಗುತ್ತಲೇ ಇಳಿದ. “ಅಷ್ಟೇನಾ?” ಎಂದು ಫೋನು ಒತ್ತಿ, ಊರಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿ, ಸೊಪ್ಪಿನ ಸಂದಿಯಲ್ಲಿ ಹಿಡಿದ. ಆಚೆ ಮೊದಲು ಗಂಡಸೊಬ್ಬನ ತಮಿಳು. ಆಮೇಲೆ ಒಂದು ಎಳೆಯ ದನಿ.

“ಚೆನ್ನಾಗಿವ್ನಿ ಕಣವ್ವ. ಊಟ ಆಯ್ತು. ನೀವೆಲ್ಲ ಚೆನ್ನಾಗಿದ್ದೀರಾ?”

“ಅಕ್ಕ, ನಮ್ ಕುಂಟ್ಮ್ಯಾಕೆ ಹೆಸರೇನಕ್ಕ?”

ಫೋನಿನಲ್ಲಿ ಯಂತ್ರದ ಗಡಗಡ.

“ನಾವಿಬ್ರೇ ಇಟ್ಟಿದ್ದಲ್ವಾ. ಹೇಳಕ್ಕ.”

ಜಡೇಸ್ವಾಮಿ ಕೈ ಹಿಂದೆಳೆಯುವಷ್ಟರಲ್ಲಿ ಆ ದನಿ ಒಂದೇ ಉಸಿರಿಗೆ ಸುರಿಯಿತು.

“ನಾನು ನಿಮ್ಮಕ್ಕ ಅಲ್ಲ ಕಣಮ್ಮಿ. ನಾನ್ ಬರೋ ಒತ್ಗೆ ಆ ಉಡ್ಗಿ ಇಲ್ಲಿರ್ನಿಲ್ಲ. ಎಲ್ರ ಮನೆಗೂ ನನ್ ಕೈಲೇ ಮಾತಾಡುಸ್ತರೆ. ನಮ್ಮವ್ವ ಶಿವನಂಜಮ್ಮ ಅಂತ, ಯಳಂದೂರ್ ತಾವ, ನಮ್ಮೂರ್ ಎಸರು...”

ಜಡೇಸ್ವಾಮಿ ಕಟ್ ಮಾಡಿದ.

ಚಿಕ್ಕನಿಂಗಮ್ಮ ರಸ್ತೆಯಲ್ಲೇ ಕುಸಿದಳು. ಗೌರಿ ಹಬ್ಬಕ್ಕೂ ದೀಪಾವಳಿಗೂ ಅವಳು ಅತ್ತದ್ದು ಯಾವ ತಾಯಿಯ ಮಗಳಿಗೋ. ಮಾದೇಶ ಮೀಸೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತ.

“ಮುತ್ತಾ” ಎಂದ ಗುರುಪಾದಸ್ವಾಮಿ ಗೇಟಿನೊಳಗಿಂದ. ದನಿ ಏರಿರಲಿಲ್ಲ. “ನಿನ್ ಮಗ್ಳನ್ನ ಈಚೆಗೆಳ್ದು ವ್ಯಾನಿಗೆ ಹತ್ಸು. ಇಲ್ದಿದ್ರೆ ಇವತ್ತಿಂದ ಕಾಲೋನಿಗೆ ನೀರಿಲ್ಲ.”

ಜನ ಮುತ್ತಯ್ಯನನ್ನು ನೋಡಿದರು. ಕೆಲವರು ಕೊಡಗಳನ್ನು ನೆನೆದು ಕಣ್ಣು ತಗ್ಗಿಸಿದರು. “ಓಗಣ್ಣ, ಮಕ್ಳು ಮರಿ ಅವೆ” ಎಂದರು ಯಾರೋ. ಮುತ್ತಯ್ಯ ರಸ್ತೆ ದಾಟಿದ. ಹತ್ತೇ ಹೆಜ್ಜೆಯ ರಸ್ತೆ. ಅವನು ಅದನ್ನು ದಾಟುವಷ್ಟರಲ್ಲಿ ಬೆಟ್ಟಕ್ಕೆ ನಡೆದುಹೋಗಿ ಬರಬಹುದಿತ್ತು. ಗುಡ್ಲಿನ ಕೆಳಗಿನಿಂದ ರತ್ನಳಿಗೆ ಅಪ್ಪನ ಒಡೆದ ಹಿಮ್ಮಡಿ ಕಂಡಿತು. ಅವಳು ಮೊಣಕಾಲು ತಬ್ಬಿಕೊಂಡಳು.

ಮೂರು ದಿನದ ಸೊಪ್ಪು ಬಾಡಿ, ಗುಡ್ಲಿನ ಮಗ್ಗುಲಲ್ಲಿ ದೊಡ್ಡ ತೂತಾಗಿತ್ತು. ಮುತ್ತಯ್ಯ ಗುರುಪಾದಸ್ವಾಮಿಯ ಬೇಲಿಗೆ ಕೈ ಹಾಕಿ ಹೊಂಗೆಯ ಹಸಿ ಕೊಂಬೆಯೊಂದನ್ನು ಲಟಕ್ಕನೆ ಮುರಿದ. ತಂದು ಆ ತೂತಿಗೆ ಸಿಕ್ಕಿಸಿದ. ಆಮೇಲೆ ಏನು ಮಾಡಬೇಕೋ ತಿಳಿಯದೆ, ಸಾಹೇಬರ ಮುಂದೆ ನಿಂತಂತೆಯೇ ಕೈ ಕಟ್ಟಿಕೊಂಡು ಗುಡ್ಲಿಗೆ ಅಡ್ಡ ನಿಂತ.

ಜಡೇಸ್ವಾಮಿ ವ್ಯಾನಿನ ಬಾಗಿಲನ್ನು ಜರ್ರನೆ ಸರಿಸಿದ. ಎಂಜಿನ್ ಆರಿಸಿರಲಿಲ್ಲ.

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

“ಎತ್ಲಾ ಅದ್ನ” ಎಂದಳು ಚಿಕ್ಕನಿಂಗಮ್ಮ ಮಣ್ಣಿನಲ್ಲಿ ಕೂತಲ್ಲಿಂದಲೇ. “ಪಾಪ, ಊರೆಸ್ರು ಹೇಳ್ತಾ ಇತ್ತು ಕೂಸು.”

ಅವನು ಎತ್ತಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು.