ಎರಡು ಸುರಗಿ

ಒಂದಾನೊಂದು ಕಾಲದಲ್ಲಿ ಚಾಮರಾಜಪೇಟೆಯಲ್ಲಿ ಒಬ್ಬ ಎಳೆಯ ರಾಣಿಯಿದ್ದಳಂತೆ.

"ಚಾಮರಾಜಪೇಟೇಲಿ ರಾಣಿ ಎಲ್ಲಿದ್ಲಜ್ಜಿ?" ಎಂದು ಮೊಮ್ಮಗಳು ಮಹಾನಂದ ಕೇಳಿದರೆ ಅಜ್ಜಿ ಬಸವಮ್ಮ, "ಇದ್ಲು ಬಿಡೇ, ಮುಸುರೆ ತಿಕ್ಕೊಂಡು" ಎನ್ನುತ್ತಿದ್ದಳು.

ಜವಳಿ ವ್ಯಾಪಾರದ ರಾಜ ಘಟ್ಟದ ಕಡೆ ಹೊರಟಾಗ, ಏನು ತರಲಿ ಎಂದ. ಸುರಗಿ ತನ್ನಿ ಎಂದಳು ರಾಣಿ. ಮಠದಲ್ಲಿ ಪುರಾಣ ಕೇಳಿ ಬೆಳೆದ ರಾಜ, ಹಿತ್ತಾಳೆ ಹಿಡಿಯ ಕಿರುಗತ್ತಿಯೊಂದನ್ನು ತಂದು, ನನ್ನ ಹೆಂಡತಿ ವೀರರ ಮನೆಯವಳು ಎಂದು ಪೇಟೆಯೆಲ್ಲ ಹೇಳಿಕೊಂಡ.

ಕತೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜನೆಂದರೆ ತೀರಿಹೋದ ತಾತ ಶಂಭುಲಿಂಗಪ್ಪ ಎಂದು ಅಜ್ಜಿ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಆ ಕಿರುಗತ್ತಿ ಅವಳ ತಲೆದಿಂಬಿನ ಕೆಳಗೇ ಇತ್ತು.

ಅಜ್ಜಿ ಹಾಸಿಗೆ ಹಿಡಿದ ವರ್ಷ ಮಹಾನಂದ ಕಾಲೇಜು ಸೇರಿದ್ದಳು. ಒಂದು ದಿನ ಕನ್ನಡ ಪಂಡಿತ ಪಂಚಾಕ್ಷರಯ್ಯನವರನ್ನು ಸುರಗಿ ಎಂಬ ಪದದ ಹುಟ್ಟು ಕೇಳಿದಳು.

"ಸಂಸ್ಕೃತದ ಛುರಿಕೆ ನಮ್ಮ ನಾಲಿಗೇಲಿ ಸವೆದು ಸುರಿಗೆ ಆಯ್ತು, ಸುರಗಿ ಆಯ್ತು. ಹೂವಿನ ಸುರಗಿ ಬೇರೆ ಕಣಮ್ಮ. ಹೆಸರು ಒಂದೇ, ಮನೆತನ ಬೇರೆ."

ಹೂವೇ? ಮಹಾನಂದ ಮನೆಗೆ ಓಡಿಬಂದಳು.

"ಅಜ್ಜಿ, ನೀನು ಕೇಳಿದ್ದು ಹೂವಾ?"

ಅಜ್ಜಿ ಗೋಡೆಯ ಕಡೆ ತಿರುಗಿಕೊಂಡಳು. "ಓದು ಜಾಸ್ತಿ ಆಯ್ತು ನಿಂಗೆ."

"ತಾತಂಗೆ ಹೇಳ್ಬೇಕಿತ್ತು."

"ಅಷ್ಟು ಖುಷಿಯಾಗಿ ತಂದಿದ್ರು ಕಣೇ. ಆ ಹೂ ನಾನು ಮುಡಿದಿದ್ರೆ ಅವರಿಗೆ ತಿಳಿದುಬಿಡ್ತಿತ್ತು. ಮಲ್ಲಿಗೆ ಮುಡಿದೆ, ಕನಕಾಂಬರ ಮುಡಿದೆ, ಅದೊಂದು ಮುಡೀಲಿಲ್ಲ. ಅವರು ಹೋದ್ಮೇಲೆ ಯಾವ್ದೂ ಮುಡಿಯೋ ಹಾಗಿಲ್ವಲ್ಲ."

"ನಾನು ಮುಡಿಸ್ತೀನಿ."

"ಜೀವ ಇರೋವಾಗ ಬೇಡ, ನಿಮ್ಮತ್ತೆ ಮನೆ ಹಾರಿಸಿಬಿಡ್ತಾಳೆ. ಆಮೇಲೆ ಮುಡಿಸು. ಮರೀಬೇಡ."

ನಗರ್ತಪೇಟೆಯಲ್ಲಿ ಬೇರು-ನಾರು, ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯೊಂದರಲ್ಲಿ ಒಣಗಿದ ಸುರಗಿಯ ಸರ ಸಿಕ್ಕಿತು. ಒಣಗಿದರೂ ಕಂಪು ಬಿಡದ ಹೂ. ಮಹಾನಂದ ಅದನ್ನು ಸೀರೆಗಳ ನಡುವೆ ಬಚ್ಚಿಟ್ಟಳು. ಇದು ಬೇಗ ಬೇಕಾಗದಿರಲಿ ಎಂದು ದಿನವೂ ಬೇಡಿಕೊಂಡಳು.

ಶಿವರಾತ್ರಿ ಕಳೆದು ಅಜ್ಜಿ ಹೋದಳು. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಹಾನಂದ ಸರ ಹಿಡಿದು ಬಂದಾಗ ಸೋದರತ್ತೆ ಚೂಡಾಮಣಿ ಕೈ ಅಡ್ಡ ಇಟ್ಟಳು.

"ಗಂಡ ಇಲ್ಲದೋಳಿಗೆ ಏನೇ ಅದು?"

"ತಾತ ತರಬೇಕಾಗಿದ್ದು ಅತ್ತೆ. ತಡ ಆಯ್ತು."

ಚೂಡಾಮಣಿ ಸರವನ್ನು ನೋಡಿದಳು, ತಾಯಿಯ ಮುಖ ನೋಡಿದಳು. ಕೈ ತಾನಾಗಿ ಇಳಿಯಿತು.

ಹಿಡಿಯಷ್ಟೂ ಇಲ್ಲದ ಬಿಳಿ ತುರುಬಿಗೆ ಸರ ಉದ್ದವಾಯಿತು. ಮಹಾನಂದ ತಲೆದಿಂಬಿನ ಕೆಳಗಿನ ಕಿರುಗತ್ತಿ ತೆಗೆದಳು. ಹುಟ್ಟಿದಂದಿನಿಂದ ಏನನ್ನೂ ಕೊಯ್ಯದ ಮೊಂಡು ಅಲಗು, ದಾರವನ್ನು ತಿಕ್ಕಿ ತಿಕ್ಕಿ ಕೊನೆಗೂ ಕತ್ತರಿಸಿತು. ಅವಳು ಹೂ ಮುಡಿಸಿದಳು.