ಗೋಣಿಯ ಚೀಟಿ

"ಕೋಶದಾಗ ನಿಮ್ಮ ಹೆಸರ ಬರೀತೀನಿ ಅತ್ತಿ, ಆಣಿ ಮಾಡಿ ಹೇಳ್ತೀನಿ" ಎಂದು ಆರು ವರ್ಷದ ಹಿಂದೆ, ಧನಕವಡಿಯ ತಗಡಿನ ಮನೆಯಲ್ಲಿ, ಅನುಸೂಯಾ ತನ್ನ ಅತ್ತೆ ಸಾಬವ್ವನಿಗೆ ಮಾತು ಕೊಟ್ಟಿದ್ದಳು. ಇಂಗ್ಲಿಷಿಗೆ ಹೋದ ನಮ್ಮ ಕಡೆಯ ಶಬ್ದಗಳ ಜಾಡು ಹಿಡಿದು ಶಬ್ದಕೋಶ ಮಾಡುವ ಪುಣೆಯ ಕಚೇರಿಯಲ್ಲಿ ಅನುಸೂಯಾಳಿಗೆ ಆಗಷ್ಟೇ ಹಂಗಾಮಿ ಕೆಲಸ ಸಿಕ್ಕಿತ್ತು. ಸಾಬವ್ವ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಗೋಣಿ ನೇಯಲು ಪುಂಡಿನಾರು ನೆನೆಹಾಕುವುದರಿಂದ ಹಿಡಿದು ಎತ್ತಿನ ಬೆನ್ನಿಗೆ ಜೋಡಿ ಗೋಣಿ ಹೇರುವವರೆಗೆ ಎಲ್ಲ ಹೇಳಿದ್ದಳು.

೧೯೯೮ರ ಈ ಶುಕ್ರವಾರ, ಗೋಣಿಗೆ ಇಂಗ್ಲಿಷಿನವರು ಹೇಳುವ ‘ಗನ್ನಿ’ ಶಬ್ದದ ಚೀಟಿ ಸಂಪಾದಕ ಪ್ರಲ್ಹಾದರಾಯರ ಕೈಯಲ್ಲಿತ್ತು. ಇಂಗ್ಲಿಷಿನಿಂದ ಹಿಂದಕ್ಕೆ ಹಿಂದಿ, ಮರಾಠಿ, ಕನ್ನಡ, ಸಂಸ್ಕೃತ. ಕನ್ನಡದ ಮುಂದೆ, ಆಧಾರ ಬರೆಯುವಲ್ಲಿ, ‘ಸಾಬವ್ವ, ಗೋಣಿ ನೇಯ್ದವರು’ ಎಂದಿತ್ತು. ಮೇಜಿನ ಮೇಲೆ ಅನುಸೂಯಾಳನ್ನು ಕಾಯಂ ಮಾಡುವ ಆದೇಶ ಸಹಿಗೆ ಕಾದಿತ್ತು.

"ಪುಸ್ತಕ ಯಾವುದ್ರಿ? ಪುಟ ಎಷ್ಟು?" ಎಂದರು ರಾಯರು.

"ಪುಸ್ತಕ ಅಲ್ರಿ ಸರ್, ನಮ್ಮತ್ತಿಯವರು. ಹೆಸರ ನೋಡಾಕ ಬಂದು ಹೊರಗ ಬೆಂಚಿನ ಮ್ಯಾಲೆ ಕುಂತಾರ. ಬೇಕಾದ್ರ ಕೇಳ್ರಿ."

"ಇವತ್ತ ಅತ್ತಿ, ನಾಳೆ ನಾದಿನಿ. ಕೋಶ ಏನ್ ಮದವಿ ಕಾರ್ಡೇನ್ರಿ?" ರಾಯರು ಹಳೆಯ ಪುಸ್ತಕವೊಂದನ್ನು ಮುಂದೆ ತಳ್ಳಿದರು. "ಇಲ್ಲಿ ಅದ ನೋಡ್ರಿ. ಇನ್ನೂರು ವರ್ಷದ ಹಿಂದ ಒಬ್ಬ ಸಾಹೇಬ ಬರದಾನ. ಪುಟ ನೂರಾ ಹನ್ನೆರಡು."

"ಆ ಸಾಹೇಬಗ ಯಾರ್ ಹೇಳಿದ್ರಿ?"

"ಸಂತ್ಯಾಗ ಯಾರೋ ನೇಯುವಾಕಿ."

"ಹೆಸರು?"

"ಬರದಿಲ್ಲ." ರಾಯರು ಗಡಿಯಾರ ನೋಡಿದರು. "ಐದಕ್ಕ ಎಲ್ಲಾ ಚೀಟಿ ಪ್ರೆಸ್ಸಿಗೆ ಹೋಗಬೇಕು. ತಿದ್ದಿ ಕೊಡ್ರಿ. ಇಲ್ಲಂದ್ರ ನಿಮ್ಮ ಆದೇಶಾನೂ ಮುಂದಿನ ವರ್ಷ ನೋಡೋಣಂತ."

ಐದಕ್ಕೆ ಹನ್ನೆರಡು ನಿಮಿಷ ಇತ್ತು. ಪಿಂಪ್ರಿಯ ಕಾರ್ಖಾನೆ ಮುಚ್ಚಿ ಗಂಡ ಮನೆಯಲ್ಲಿ ಕೂತು ಐದು ತಿಂಗಳಾಗಿತ್ತು. ಅನುಸೂಯಾ ಹೊಸ ಚೀಟಿ ತೆಗೆದುಕೊಂಡಳು. ಅದರ ಕೆಳಗೆ ಕಾರ್ಬನ್ ಇಟ್ಟಳು. ಬರೆಯುವಾಗ ಪೆನ್ನಿನ ಮೊನೆಗೆ ಕಾಗದ ಒಂದು ಕಡೆ ಹರಿಯಿತು. ರಾಯರು ಆದೇಶಕ್ಕೆ ಸಹಿ ಹಾಕಿದರು.

ಅವಳು ಕಾರ್ಬನ್ ಪ್ರತಿ ಹಿಡಿದು ಹೊರಗೆ ಬಂದಾಗ ಸಾಬವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಆತೇನವಾ?"

"ಆತ್ರಿ ಅತ್ತಿ."

"ನನ್ನ ಹೆಸರ ಎಲ್ಲಿ ಅದ, ತೋರ್ಸು."

ಅನುಸೂಯಾ ಸಾಹೇಬನ ಹೆಸರಿನ ಮೇಲೆ ಬೆರಳಿಟ್ಟಳು. ಓದುಬರಹ ಬಾರದ ಮುದುಕಿ, ನೇಯ್ಗೆಯ ಎಳೆ ಪರೀಕ್ಷಿಸುವಂತೆ, ಆ ನೀಲಿ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಭಾಳ ಉದ್ದ ಅದಲ್ಲ!" ಎಂದು ನಕ್ಕಳು.

ಅನುಸೂಯಾ ಕೊಟ್ಟ ಮಾತು ನಡೆಸಲಿಲ್ಲ.