ಹಿಂದೆ ನಿಲ್ಲಲು ಜಾಗ

"ಹುಷಾರು, ಮುಂದೆ ತಿರುವಿದೆ!" ದೊಡ್ಡಪ್ಪ ಮೇಲಿನಿಂದ ಕೂಗುತ್ತಿದ್ದರು. ಅಪ್ಪನ ಶವಪೆಟ್ಟಿಗೆ ಮನೆಯ ಲಿಫ್ಟಿನೊಳಗೆ ಹಿಡಿಸಲಿಲ್ಲ. ಜೀವಮಾನವೆಲ್ಲ ಕಚೇರಿಯೊಂದರಲ್ಲಿ ಲಿಫ್ಟ್ ಓಡಿಸಿದ ಮನುಷ್ಯ ಕೊನೆಗೆ ಮೆಟ್ಟಿಲಿಳಿದೇ ಹೋಗಬೇಕಾಯಿತು.

ಹೆಗಲು ಕೊಟ್ಟಿದ್ದವರಲ್ಲಿ ಹೆಚ್ಚಿನವರು ಮಗಳಿಗೆ ಗುರುತಿಲ್ಲದವರು.

"ಯಾರಮ್ಮ ಇವರೆಲ್ಲ?" ಎಂದು ಅಮ್ಮನನ್ನು ಕೇಳಿದಳು.

"ನಿಮ್ಮಪ್ಪನ ಆಟದಂಗಡಿ ಪಟಾಲಂ. ಸಂಜೆ ಆದ್ರೆ ಸಾಕು, ಅಲ್ಲೇ ಠಿಕಾಣಿ. ಕಾಸು ಹಾಕಿ ಆಡೋ ಹಳೇ ಡಬ್ಬಾ ಮೆಷಿನ್ನುಗಳು. ನೀನು ಅಷ್ಟು ಆಸೆಯಿಂದ ತಂದ್ಕೊಟ್ಟಿದ್ದು ಮೂಲೆ ಸೇರ್ತು."

ಮಗಳು ಪೆಟ್ಟಿಗೆಯ ಹಿಂದೆ ಮೆಟ್ಟಿಲಿಳಿದಳು. ಆ ನೋವು ಇನ್ನೂ ಹಸಿಯಾಗಿಯೇ ಇತ್ತು.

*

ಅಪ್ಪ ನಿವೃತ್ತನಾದ ದಿನ ಅವಳು ಹೊಸ ಗೇಮ್ ತಂದು ಟೀವಿಗೆ ಜೋಡಿಸಿದ್ದಳು. ಕೈಗೆ ಕೊಟ್ಟ ಅದರ ರಿಮೋಟನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿದ.

"ಇಷ್ಟೊಂದು ಗುಂಡಿ ನನ್ನ ಲಿಫ್ಟಲ್ಲೂ ಇರಲಿಲ್ಲ ಕಣೇ. ನೀನಾಡು, ನಾನು ನೋಡ್ತೀನಿ."

ಅವಳು ಹೆಡ್‌ಫೋನ್ ಏರಿಸಿ, ಎಲ್ಲೋ ಇದ್ದ ಗೆಳತಿಯ ಜೊತೆ ಮಾತಾಡುತ್ತ ಆಡತೊಡಗಿದಳು. ಅಪ್ಪ ಸೋಫಾದ ಹಿಂದೆ ನಿಂತು "ಹೊಡಿ! ಓಡು, ಓಡು!" ಎಂದು ಕುಣಿದಾಡುತ್ತಿದ್ದ.

"ಅಪ್ಪಾ, ಸುಮ್ನಿರು! ಆಡೋದಾದ್ರೆ ಕೂತು ಆಡು. ಹಿಂದೆ ನಿಂತು ನೋಡೋಕೆ ಏನಿದೆ?"

"ಏನಿಲ್ಲ ಬಿಡು, ನನಗೆ ಹಳೇದೇ ಸರಿ," ಎಂದು ಅಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದ. ತಾನು ಕೊಟ್ಟಿದ್ದನ್ನು ತಾತ್ಸಾರ ಮಾಡಿದ ಎಂದು ಅವಳಿಗೆ ಅಳುವೇ ಬಂದಿತ್ತು.

*

ಮಣ್ಣು ಮಾಡಿ ಎಲ್ಲರೂ ಸ್ಮಶಾನದ ಗೇಟಿನ ಬಳಿ ನಿಂತಿದ್ದಾಗ ಮಗಳು ಆಟದಂಗಡಿಯ ಒಡತಿಯನ್ನು ಕೇಳಿಯೇಬಿಟ್ಟಳು.

"ನಮ್ಮಪ್ಪ ಅಷ್ಟು ಚೆನ್ನಾಗಿ ಆಡ್ತಿದ್ರಾ?"

"ಚೆನ್ನಾಗಿ? ಅಯ್ಯೋ ತಾಯಿ, ಕಾಸು ಹಾಕಿ ಕಣ್ಣು ಮಿಟುಕಿಸೋದ್ರೊಳಗೆ ಸತ್ತಿರ್ತಿದ್ರು!" ಎಂದವಳು ಪಟ್ಟನೆ ನಾಲಿಗೆ ಕಚ್ಚಿಕೊಂಡಳು. ಪಕ್ಕದಲ್ಲಿದ್ದ ಟ್ಯಾಕ್ಸಿ ಡ್ರೈವರು ನಗು ತಡೆಯಲಾರದೆ ಕೆಮ್ಮಿದ.

"ಮತ್ತೆ ದಿನಾ ಯಾಕೆ ಬರ್ತಿದ್ರು?"

"ನೋಡೋಕೆ," ಎಂದ ಡ್ರೈವರು. "ನಾವು ಆಡ್ತಿದ್ರೆ ಹಿಂದೆ ನಿಂತ್ಕೊಳ್ಳೋರು. ನಾವು ಗೆದ್ರೆ ಅಂಗಡಿಯೆಲ್ಲ ಕೇಳೋ ಹಾಗೆ ಕೂಗೋರು. ಮನೇಲಿ ನನ್ನ ಕೇಳೋರೇ ಇಲ್ಲಮ್ಮ, ಅಲ್ಲಿ ಅವರಿದ್ರು. ಒಂದ್ಸಲ ಕೇಳಿದ್ದೆ, ಮಗಳು ಹೊಸದು ತಂದ್ಕೊಟ್ಟಿದ್ದಾಳಲ್ಲ, ಅದನ್ನ ಬಿಟ್ಟು ಇಲ್ಲಿಗ್ಯಾಕೆ ಬರ್ತೀರಿ ಅಂತ. ಅದಕ್ಕವರು, ‘ಅದು ಭಾರಿ ಚೆಂದ ಕಣಯ್ಯ, ನನ್ನ ಮಗಳು ಹುಲಿ ಥರ ಆಡ್ತಾಳೆ, ಆದ್ರೆ ಅವಳ ಹಿಂದೆ ನಿಂತ್ಕೊಳ್ಳೋಕೆ ಜಾಗ ಇಲ್ಲ’ ಅಂದ್ರು."

ಬೆಳಗಿನಿಂದ ಕಲ್ಲಿನಂತಿದ್ದ ಮಗಳು ಅಲ್ಲೇ ಗೇಟು ಹಿಡಿದು ಗೊಳೋ ಎಂದು ಅತ್ತಳು. ಅಪ್ಪ ತನ್ನ ಉಡುಗೊರೆ ಬೇಡವೆಂದಿರಲಿಲ್ಲ. ಅಪ್ಪ ಹಿಂದೆ ನಿಲ್ಲುವುದು ಬೇಡವೆಂದವಳು ತಾನೇ.

"ಅಂಗಡಿ ತೆಗೀತೀರಾ ಇವತ್ತು?" ಎಂದಳು ಮೂಗೊರೆಸಿಕೊಂಡು.

"ನೀನು ಬರ್ತೀಯಾದ್ರೆ ತೆಗೀತೀನಿ ಬಾರಮ್ಮ."

ಸಂಜೆ ಅಂಗಡಿಯಲ್ಲಿ ಡ್ರೈವರು ಕಾಸು ಹಾಕಿದ. ಪರದೆಯ ಮೇಲೆ ಚೌಕ ಚೌಕ ಹಡಗುಗಳು ಟುಂಯ್ ಟುಂಯ್ ಎನ್ನುತ್ತ ಇಳಿಯತೊಡಗಿದವು. ಮಗಳು ಅವನ ಹಿಂದೆ ಹೋಗಿ ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು. ಡ್ರೈವರು ತಿರುಗಿ ನೋಡಲಿಲ್ಲ. ಆಡುತ್ತಾಡುತ್ತಲೇ, ಅವಳಿಗೆ ಪರದೆ ಕಾಣುವಂತೆ ಕೊಂಚ ಪಕ್ಕಕ್ಕೆ ಸರಿದ.